'ಎರಡು ಪಟ್ಟು' ಎಂದರೆ ಎಷ್ಟು? ಆರೋಗ್ಯದ ಎಚ್ಚರಿಕೆಯೂ ಅದನ್ನು ಕೇಳುವ ಮನಸ್ಸೂ

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ದೇಶದ ವೈದ್ಯರಿಗೂ ಔಷಧ ವಿತರಕರಿಗೂ ಒಂದು ತುರ್ತು ಪತ್ರವನ್ನು ಕಳುಹಿಸಿತು. ಆಗ ಲಕ್ಷಾಂತರ ಮಹಿಳೆಯರು ಸೇವಿಸುತ್ತಿದ್ದ ಮೂರನೆಯ ತಲೆಮಾರಿನ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವು ಹಳೆಯ ಮಾತ್ರೆಗಳಿಗೆ ಹೋಲಿಸಿದರೆ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಅದರ ಸಾರ. ಪತ್ರವು ಎಷ್ಟೋ ವೈದ್ಯರ ಕೈ ಸೇರುವ ಮೊದಲೇ ಸುದ್ದಿಯು ಮಾಧ್ಯಮಗಳಲ್ಲಿ ಹರಡಿತ್ತು. ಮಾತ್ರೆ ನುಂಗುತ್ತಿದ್ದವರ ಎದೆ ಝಲ್ಲೆಂದಿತು. ಅನೇಕರು ಅದನ್ನು ನಿಲ್ಲಿಸಿಯೇಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚುವರಿಯಾಗಿ ನಡೆದವು. ಅದಕ್ಕೆ ಹಿಂದಿನ ಕೆಲವು ವರ್ಷಗಳಲ್ಲಿ ಗರ್ಭಪಾತಗಳ ಸಂಖ್ಯೆ ಇಳಿಮುಖವಾಗಿತ್ತು ಎಂಬುದನ್ನು ಗಮನಿಸಿದರೆ ಆ ಏರಿಕೆಯ ತೀವ್ರತೆ ಇನ್ನಷ್ಟು ಸ್ಪಷ್ಟವಾಗುತ್ತದೆ.

'ಎರಡು ಪಟ್ಟು' ಎಂಬ ಮಾತು ಸುಳ್ಳಾಗಿರಲಿಲ್ಲ. ಹಳೆಯ ಮಾತ್ರೆ ಸೇವಿಸುವ 7,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ರಕ್ತ ಹೆಪ್ಪುಗಟ್ಟುತ್ತಿತ್ತು. ಹೊಸ ಮಾತ್ರೆ ಸೇವಿಸುವ 7,000 ಮಹಿಳೆಯರಲ್ಲಿ ಸುಮಾರು ಇಬ್ಬರಿಗೆ. ಒಂದು ಎರಡಾದರೆ ಅದು ಎರಡು ಪಟ್ಟೇ. ಆದರೆ ಉಳಿದ 6,998 ಮಂದಿ ಆ ವಾಕ್ಯದಲ್ಲಿ ಎಲ್ಲಿಯೂ ಕಾಣಿಸಲಿಲ್ಲ. ಇನ್ನೊಂದು ಸಂಗತಿಯೂ ಕಾಣಿಸಲಿಲ್ಲ: ಗರ್ಭಧಾರಣೆಯೇ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಯಾವುದೇ ಮಾತ್ರೆಗಿಂತ ಹೆಚ್ಚಾಗಿ ಏರಿಸುತ್ತದೆ. ಹೆಪ್ಪಿನ ಭಯದಿಂದ ಮಾತ್ರೆ ಬಿಟ್ಟು ಗರ್ಭಿಣಿಯಾದ ಮಹಿಳೆಯು ಬಾಣಲೆಯಿಂದ ಬೆಂಕಿಗೆ ಬಿದ್ದಿದ್ದಳು, ಅದೂ ತನ್ನನ್ನು ಕಾಪಾಡಲೆಂದೇ ಹೊರಡಿಸಿದ ಎಚ್ಚರಿಕೆಯನ್ನು ನಂಬಿ.

ಈ ಪ್ರಸಂಗವನ್ನು ಜನರ ಅಂಕಿಅಂಶ ಜ್ಞಾನದ ಕೊರತೆಗೆ ಉದಾಹರಣೆಯಾಗಿ ಕೊಡುವುದು ವಾಡಿಕೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಾಗದು. ಭಿನ್ನರಾಶಿಯ ಅಂಶವನ್ನು ಮಾತ್ರ ಹೇಳಿ ಛೇದವನ್ನು ಮುಚ್ಚಿಟ್ಟರೆ ಗಣಿತದ ಪ್ರಾಧ್ಯಾಪಕರಿಗೂ ಉತ್ತರ ಹೊಳೆಯುವುದಿಲ್ಲ. ತಮಗೆ ತಲುಪಿದ ಮಾತನ್ನು ಆಧರಿಸಿ ನೋಡಿದರೆ ಆ ಮಹಿಳೆಯರು ನಡೆದುಕೊಂಡ ರೀತಿ ಅವಿವೇಕದ್ದಲ್ಲ. ಆರೋಗ್ಯದ ಅಪಾಯಗಳನ್ನು ಜನರು ಹೇಗೆ ಗ್ರಹಿಸುತ್ತಾರೆ ಎಂಬ ಬಗ್ಗೆ ಕಳೆದ ಐದಾರು ದಶಕಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಮತ್ತೆ ಮತ್ತೆ ಕಾಣುವುದು ಇದೇ: ಕೇಳುಗರ ಅಜ್ಞಾನವನ್ನು ಅಳೆಯುವ ಮೊದಲು, ಹೇಳಿದವರು ಏನನ್ನು ಹೇಳದೆ ಬಿಟ್ಟರು ಎಂಬುದನ್ನು ಅಳೆಯಬೇಕಾಗುತ್ತದೆ.

ಸಂಖ್ಯೆಗೆ ತೊಡಿಸುವ ಉಡುಪು ಬದಲಾದರೆ ಅದನ್ನು ಕೇಳಿದವರ ನಿರ್ಧಾರವೂ ಬದಲಾಗುತ್ತದೆ ಎಂಬುದಕ್ಕೆ 1982ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇಂದಿಗೂ ಉಲ್ಲೇಖಾರ್ಹವಾಗಿದೆ. ಬಾರ್ಬರಾ ಮೆಕ್ನೀಲ್, ಏಮೋಸ್ ಟ್ವೆರ್‌ಸ್ಕಿ ಮತ್ತು ಅವರ ಸಂಗಡಿಗರು ಶ್ವಾಸಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆಗಳ ನಡುವೆ ಒಂದನ್ನು ಆರಿಸಲು ಕೇಳಿದರು. ಶಸ್ತ್ರಚಿಕಿತ್ಸೆಯಾದವರಲ್ಲಿ 100ಕ್ಕೆ 90 ಮಂದಿ ಬದುಕುಳಿಯುತ್ತಾರೆ ಎಂಬ ಬಗೆಯಲ್ಲಿ ಅಂಕಿಗಳನ್ನು ಕೊಟ್ಟಾಗ ವಿಕಿರಣವನ್ನು ಆರಿಸಿದವರು ಶೇ. 18 ಮಾತ್ರ, ಅದೇ ಅಂಕಿಗಳನ್ನು 100ಕ್ಕೆ 10 ಮಂದಿ ಸಾಯುತ್ತಾರೆ ಎಂದು ತಿರುಗಿಸಿ ಹೇಳಿದಾಗ ಅದು ಶೇ. 44ಕ್ಕೆ ಏರಿತು. ಹೀಗೆ ಜಾರಿದವರಲ್ಲಿ ರೋಗಿಗಳಷ್ಟೇ ಅಲ್ಲ, ವೈದ್ಯರೂ ಇದ್ದರು. 1997ರ ಯಾಮಗಿಶಿ ಅವರ ಅಧ್ಯಯನದ ಫಲಿತಾಂಶವಂತೂ ನಗು ತರಿಸುವಂಥದ್ದು. 10,000 ಜನರಲ್ಲಿ 1,286 ಮಂದಿಯನ್ನು ಕೊಲ್ಲುವ ರೋಗವನ್ನು, 100ರಲ್ಲಿ 24.14 ಮಂದಿಯನ್ನು ಕೊಲ್ಲುವ ರೋಗಕ್ಕಿಂತ ಹೆಚ್ಚು ಅಪಾಯಕಾರಿ ಎಂದು ಓದುಗರು ಅಂದಾಜಿಸಿದರು. ಎರಡನೆಯದು ವಾಸ್ತವವಾಗಿ ಸುಮಾರು ಎರಡು ಪಟ್ಟು ಮಾರಕ. ಆದರೆ 1,286 ಎಂದಾಗ ಕಣ್ಣ ಮುಂದೆ ಒಂದು ಜನಸಮೂಹವೇ ನಿಲ್ಲುತ್ತದೆ, 24 ಎಂದಾಗ ಒಂದು ಸಣ್ಣ ಗುಂಪು.

ಸಂಖ್ಯೆಯನ್ನು ಬಿಟ್ಟು ಪದಗಳನ್ನು ಬಳಸಿದರೆ ತೊಡಕು ನಿವಾರಣೆಯಾಗುವುದಿಲ್ಲ. ಔಷಧದ ಜೊತೆಗಿರುವ ಚೀಟಿಯಲ್ಲಿ 'ಸಾಮಾನ್ಯ ಅಡ್ಡಪರಿಣಾಮ' ಎಂದು ಬರೆದಿದ್ದರೆ, ಯುರೋಪಿನ ನಿಯಮಾವಳಿಯ ಪ್ರಕಾರ ಅದು 100ರಲ್ಲಿ ಒಬ್ಬರಿಂದ ಹತ್ತು ಮಂದಿಯವರೆಗೆ ಕಾಣಿಸಿಕೊಳ್ಳುವಂಥದ್ದು ಎಂದರ್ಥ. ಓದುವವರು ಅದನ್ನು ಹಲವು ಪಟ್ಟು ಹೆಚ್ಚಾಗಿ ಭಾವಿಸುತ್ತಾರೆ ಎಂಬುದು ಪದೇ ಪದೇ ಕಂಡುಬಂದಿದೆ. ಆಡುಮಾತಿನಲ್ಲಿ 'ಸಾಮಾನ್ಯ' ಎಂದರೆ ಬಹುಪಾಲು ಜನರಿಗೆ ಆಗುವಂಥದ್ದು. ನಿಯಮಾವಳಿ ರಚಿಸಿದವರು ಆ ಪದವನ್ನು ಆಡುಮಾತಿನಿಂದಲೇ ಎರವಲು ಪಡೆದು ಅದರ ಅರ್ಥವನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು.

ಇದೇ ಜಾತಿಯ ಇನ್ನೊಂದು ಗೊಂದಲವು 2015ರ ಅಕ್ಟೋಬರ್‌ನಲ್ಲಿ ಜಗತ್ತಿನಾದ್ಯಂತ ಹರಡಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಇರುವುದೂ ಅದೇ ಗುಂಪಿನಲ್ಲಿ. ಮರುದಿನದ ತಲೆಬರಹಗಳು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವು. ಆದರೆ ಆ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಹಾನಿ ಎಷ್ಟು ದೊಡ್ಡದು ಎಂಬುದನ್ನಲ್ಲ. ಒಂದು ವಸ್ತುವು ಕ್ಯಾನ್ಸರ್ ತರಬಲ್ಲದು ಎಂಬುದರಲ್ಲಿ ಸಂದೇಹವಿಲ್ಲ ಎನ್ನುವುದು ಬೇರೆ, ಅದು ಎಷ್ಟು ಮಂದಿಗೆ ತರುತ್ತದೆ ಎನ್ನುವುದು ಬೇರೆ. ಆ ಸಂಸ್ಥೆಯೇ ತನ್ನ ಪ್ರಶ್ನೋತ್ತರದಲ್ಲಿ ಉಲ್ಲೇಖಿಸಿದ ಅಂದಾಜಿನ ಪ್ರಕಾರ, ಹೆಚ್ಚು ಸಂಸ್ಕರಿತ ಮಾಂಸ ಸೇವನೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳು ಸಂಭವಿಸಿದರೆ ಹೊಗೆಸೊಪ್ಪಿನಿಂದ ಸುಮಾರು ಹತ್ತು ಲಕ್ಷ ಕ್ಯಾನ್ಸರ್ ಸಾವುಗಳು ಸಂಭವಿಸುತ್ತವೆ. ಸಂಸ್ಕರಿತ ಮಾಂಸವನ್ನು ನಿತ್ಯ 50 ಗ್ರಾಂ ಸೇವಿಸಿದರೆ ದೊಡ್ಡ ಕರುಳಿನ ಕ್ಯಾನ್ಸರ್‌ನ ಅಪಾಯ ಮೊದಲಿದ್ದುದಕ್ಕಿಂತ ಶೇ. 18ರಷ್ಟು ಏರುತ್ತದೆ ಎಂಬ ಅಂಕಿಯನ್ನು ಓದಿದ ಅನೇಕರು, ಮಾಂಸ ತಿನ್ನುವ 100 ಮಂದಿಯಲ್ಲಿ 18 ಮಂದಿಗೆ ಕ್ಯಾನ್ಸರ್ ಬರುತ್ತದೆ ಎಂದುಕೊಂಡಿದ್ದರೆ ತಪ್ಪು ಅವರದಲ್ಲ.

ಇಷ್ಟರವರೆಗೆ ಮಾತು ಅಂಕಿಗಳದ್ದಾಯಿತು. ಅಂಕಿಗಳನ್ನು ಎಷ್ಟೇ ಸ್ವಚ್ಛವಾಗಿ ಕೊಟ್ಟರೂ ಕೇಳುವವರ ಮನಸ್ಸು ಖಾಲಿ ಹಲಗೆಯಲ್ಲ. 1978ರಲ್ಲಿ ಸಾರಾ ಲಿಚ್ಟೆನ್‌ಸ್ಟೀನ್ ಮತ್ತು ಸಹೋದ್ಯೋಗಿಗಳು ಅಮೆರಿಕದಲ್ಲಿ ಸಾವಿನ ವಿವಿಧ ಕಾರಣಗಳ ಬಗ್ಗೆ ಜನರು ಮಾಡುವ ಅಂದಾಜುಗಳನ್ನು ಅಳೆದರು. ಅಪಘಾತಗಳೂ ರೋಗಗಳೂ ಹೆಚ್ಚು ಕಡಿಮೆ ಒಂದೇ ಪ್ರಮಾಣದ ಸಾವುಗಳಿಗೆ ಕಾರಣ ಎಂದು ಜನ ಭಾವಿಸಿದ್ದರು. ವಾಸ್ತವದಲ್ಲಿ ರೋಗಗಳಿಂದ ಸಾಯುವವರು ಸುಮಾರು 15 ಪಟ್ಟು ಹೆಚ್ಚು. ಸುಂಟರಗಾಳಿ, ಪ್ರವಾಹ, ಕೊಲೆಗಳ ಅಂದಾಜು ಉಬ್ಬಿತ್ತು. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಅಸ್ತಮಾಗಳ ಅಂದಾಜು ಕುಗ್ಗಿತ್ತು. ಮರುವರ್ಷದ ಇನ್ನೊಂದು ಅಧ್ಯಯನವು ಪತ್ರಿಕೆಗಳ ವರದಿಗಳನ್ನು ಎಣಿಸಿದಾಗ ಅಲ್ಲಿಯೂ ಇದೇ ಓರೆ ಕಂಡಿತು. ಸದ್ದಿಲ್ಲದೆ ಹಾಸಿಗೆಯಲ್ಲಿ ಬರುವ ಸಾವು ಸುದ್ದಿಯಾಗುವುದಿಲ್ಲ, ಸುದ್ದಿಯಾಗದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ನೆನಪಿಗೆ ಸುಲಭವಾಗಿ ಬಾರದ್ದನ್ನು ಮನಸ್ಸು ಅಪರೂಪವೆಂದು ತೀರ್ಮಾನಿಸುತ್ತದೆ. ಹಾವನ್ನು ಕಂಡರೆ ಹೌಹಾರುವವರು ಸೊಳ್ಳೆಯನ್ನು ಕೈಯಲ್ಲಿ ಬೀಸಿ ಓಡಿಸಿ ಸುಮ್ಮನಾಗುವುದು ಇದೇ ಲೆಕ್ಕದಲ್ಲಿ. ಹಾವಿನ ಕಡಿತದಿಂದ ಜಗತ್ತಿನಲ್ಲಿ ವರ್ಷಕ್ಕೆ ಸಾಯುವವರು ಒಂದು ಲಕ್ಷದ ಆಸುಪಾಸಿನಲ್ಲಿದ್ದರೆ, ಸೊಳ್ಳೆ ಹರಡುವ ಮಲೇರಿಯಾ ಒಂದರಿಂದಲೇ ಸಾಯುವವರು ಆರು ಲಕ್ಷದ ಆಸುಪಾಸಿನಲ್ಲಿದ್ದಾರೆ.

ಆದರೆ ನೆನಪೊಂದೇ ಇದಕ್ಕೆ ಕಾರಣವಲ್ಲ. ಜನರಿಗೆ ಅಪಾಯವೆಂದರೆ ಸಾವಿನ ಎಣಿಕೆ ಮಾತ್ರವಲ್ಲ ಎಂಬುದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಪ್ರಮುಖರು. 1987ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಅಪಾಯದ ಗ್ರಹಿಕೆಯು ಮುಖ್ಯವಾಗಿ ಎರಡು ಅಕ್ಷಗಳ ಮೇಲೆ ನಿಂತಿದೆ. ಒಂದು, ಅದು ಹುಟ್ಟಿಸುವ ದಿಗಿಲು: ನಮ್ಮ ಹಿಡಿತ ಮೀರಿದ್ದು, ಒಮ್ಮೆಗೇ ಹಲವರನ್ನು ಬಲಿ ತೆಗೆದುಕೊಳ್ಳುವಂಥದ್ದು, ಮುಂದಿನ ಪೀಳಿಗೆಗೂ ತಟ್ಟುವಂಥದ್ದು. ಇನ್ನೊಂದು, ಅದರ ಅಪರಿಚಿತತೆ: ಕಣ್ಣಿಗೆ ಕಾಣದ್ದು, ಹೊಸದು, ಪರಿಣಾಮ ತಡವಾಗಿ ಗೊತ್ತಾಗುವಂಥದ್ದು. ವಿಕಿರಣ ಎಂಬುದು ಒಂದೇ ಆದರೂ ಅಣು ವಿದ್ಯುತ್ ಸ್ಥಾವರದ ವಿಕಿರಣಕ್ಕೆ ಜನ ನಡುಗುತ್ತಾರೆ, ಆಸ್ಪತ್ರೆಯ ಎಕ್ಸ್‌ರೇ ಯಂತ್ರದ ಮುಂದೆ ನಿಶ್ಚಿಂತೆಯಿಂದ ನಿಲ್ಲುತ್ತಾರೆ, ನೆಲದಿಂದ ಮನೆಯೊಳಕ್ಕೆ ಸೇರುವ, ವಿಕಿರಣ ಸೂಸುವ ರೇಡಾನ್ ಅನಿಲದ ಹೆಸರನ್ನೂ ಕೇಳಿರುವುದಿಲ್ಲ. ಅದಕ್ಕೂ ಮೊದಲು, 1969ರಲ್ಲಿ, ಚಾನ್ಸಿ ಸ್ಟಾರ್ ಎಂಬ ಎಂಜಿನಿಯರ್, ತಾವಾಗಿ ಆರಿಸಿಕೊಂಡ ಅಪಾಯವನ್ನು ಜನರು ತಮ್ಮ ಮೇಲೆ ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟಿನವರೆಗೂ ಸಹಿಸುತ್ತಾರೆ ಎಂದು ಲೆಕ್ಕ ಹಾಕಿದ್ದರು. ಸಾವಿರ ಎಂಬ ಅಂಕಿಯ ಬಗ್ಗೆ ಮುಂದೆ ವಾದಗಳೆದ್ದವು. ಅದರ ಹಿಂದಿನ ಹೊಳಹು ಮಾತ್ರ ಉಳಿದುಕೊಂಡಿತು.

ತಜ್ಞರು ಇದನ್ನು ಭಾವುಕತೆ ಎಂದು ತಳ್ಳಿಹಾಕುವುದುಂಟು. ಹಾಗೆ ತಳ್ಳಿಹಾಕುವಂಥದ್ದು ಇದರಲ್ಲಿ ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ನಡೆದ ಅವಘಡದ ನಂತರ ಅವಸರದ ಸ್ಥಳಾಂತರ ಮತ್ತು ದೀರ್ಘ ನಿರಾಶ್ರಿತ ಬದುಕಿನ ಬವಣೆಯಿಂದ ಆ ಪ್ರಾಂತವೊಂದರಲ್ಲಿಯೇ 2,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ವೃದ್ಧರು. ಅದೇ ಹೊತ್ತಿಗೆ, ಅಲ್ಲಿನ ನಿವಾಸಿಗಳ ಆರೋಗ್ಯದ ಮೇಲೆ ವಿಕಿರಣದಿಂದಲೇ ಆಯಿತೆನ್ನಬಹುದಾದ ದುಷ್ಪರಿಣಾಮಗಳು ದಾಖಲಾಗಿಲ್ಲವೆಂದು ವಿಶ್ವಸಂಸ್ಥೆಯ ವಿಕಿರಣ ಪರಿಣಾಮಗಳ ವೈಜ್ಞಾನಿಕ ಸಮಿತಿ ಹೇಳಿದೆ. ಅಪಾಯದಿಂದ ಪಾರಾಗುವ ಮಾರ್ಗಕ್ಕೂ ತನ್ನದೇ ಅಪಾಯವಿದೆ, ಭಯದ ಹೊತ್ತಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗಿದ್ದೂ, ಯಾರ ಒಪ್ಪಿಗೆ ಪಡೆದು ಈ ಅಪಾಯವನ್ನು ತಂದಿರಿ, ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಜನರು ಕೇಳಿದಾಗ ಅದು ಭಾವುಕತೆಯಲ್ಲ, ನ್ಯಾಯದ ಪ್ರಶ್ನೆ. ಅದಕ್ಕೆ ಸಂಭವನೀಯತೆಯ ಕೋಷ್ಟಕವನ್ನು ಉತ್ತರವಾಗಿ ಕೊಟ್ಟಾಗ ಸಂಭಾಷಣೆ ಅಲ್ಲಿಗೇ ಮುರಿದುಬೀಳುತ್ತದೆ.

ದಿಗಿಲಿನ ಎದುರು ತುದಿಯಲ್ಲಿ ಇನ್ನೊಂದು ಪ್ರವೃತ್ತಿಯಿದೆ: 'ನನಗೇನೂ ಆಗದು' ಎಂಬುದು. ನೀಲ್ ವೈನ್‌ಸ್ಟೀನ್ 1980ರಲ್ಲಿ 250ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳನ್ನು, ಬದುಕಿನ 42 ಘಟನೆಗಳು ಸಹಪಾಠಿಗಳಿಗೆ ಹೋಲಿಸಿದರೆ ತಮಗೆ ಸಂಭವಿಸುವ ಸಾಧ್ಯತೆ ಎಷ್ಟು ಎಂದು ಕೇಳಿದರು. ಒಳ್ಳೆಯದರ ಪಾಲು ತಮಗೆ ಹೆಚ್ಚು, ಕೆಟ್ಟದ್ದರ ಪಾಲು ಕಡಿಮೆ ಎಂದೇ ಬಹುಪಾಲು ವಿದ್ಯಾರ್ಥಿಗಳು ಉತ್ತರಿಸಿದರು. ಎಲ್ಲರೂ ಸರಾಸರಿಗಿಂತ ಸುರಕ್ಷಿತರಾಗಿರುವುದು ಸಾಧ್ಯವಿಲ್ಲ. ನಮ್ಮ ಕೈಯಲ್ಲಿಯೇ ಇದೆ ಎನಿಸುವ ಅಪಾಯಗಳ ವಿಷಯದಲ್ಲಿ ಮತ್ತು 'ಇಂಥವರಿಗೆ ಇಂಥ ರೋಗ' ಎಂಬ ಸಿದ್ಧ ಚಿತ್ರವಿರುವ ಕಾಯಿಲೆಗಳ ವಿಷಯದಲ್ಲಿ ಈ ಭ್ರಮೆ ಇನ್ನೂ ಗಾಢವಾಗಿತ್ತು. ಇದರ ಪರಿಣಾಮವನ್ನು ಆರೋಗ್ಯ ಇಲಾಖೆಗಳ ಫಲಕಗಳಲ್ಲಿಯೇ ನೋಡಬಹುದು. ಹೃದಯಾಘಾತದ ಎಚ್ಚರಿಕೆಗೆ ಎದೆ ಹಿಡಿದುಕೊಂಡ ಮಧ್ಯವಯಸ್ಸಿನ ಸ್ಥೂಲ ಪುರುಷನ ಚಿತ್ರವನ್ನು ಹಾಕಿದರೆ ಸಣಕಲು ದೇಹದ ಧೂಮಪಾನಿಯೂ, ಉಸಿರಾಟದ ತೊಂದರೆ ಅಥವಾ ವಾಕರಿಕೆಯಂಥ ಲಕ್ಷಣಗಳಿರುವ ಮಹಿಳೆಯೂ ತಮಗೆ ಅನ್ವಯಿಸದ ಫಲಕವೆಂದು ಮುಂದೆ ನಡೆಯುತ್ತಾರೆ.

ಹಾಗಾದರೆ ಗಟ್ಟಿಯಾಗಿ ಹೆದರಿಸಿದರೆ ಆಗದೇ? ಆರೋಗ್ಯ ಪ್ರಚಾರದ ಚರಿತ್ರೆಯಲ್ಲಿ ಇದರಷ್ಟು ಹಳೆಯ ಜಗಳ ಇನ್ನೊಂದಿಲ್ಲ. 1953ರಲ್ಲಿ ಇರ್ವಿಂಗ್ ಜಾನಿಸ್ ಮತ್ತು ಸೆಮೂರ್ ಫೆಶ್‌ಬಾಕ್ ಹಲ್ಲಿನ ಶುಚಿತ್ವದ ಬಗ್ಗೆ ಮೂರು ಬಗೆಯ ಉಪನ್ಯಾಸಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೊಳೆತ ಒಸಡುಗಳ ಚಿತ್ರಗಳಿದ್ದ ಅತಿ ಭಯಾನಕ ಉಪನ್ಯಾಸವು ಅತಿ ಕಡಿಮೆ ಬದಲಾವಣೆಯನ್ನೂ, ಮೆದುವಾದ ಉಪನ್ಯಾಸವು ಅತಿ ಹೆಚ್ಚಿನ ಬದಲಾವಣೆಯನ್ನೂ ತಂದಿತು. ಭಯ ಕೆಲಸ ಮಾಡುವುದಿಲ್ಲವೆಂಬ ತೀರ್ಮಾನ ಬಹಳ ಬೇಗ ಬೇರೂರಿತು, ಮುಂದಿನ ಅಧ್ಯಯನಗಳು ಅದನ್ನು ಅಷ್ಟೇ ಬೇಗ ಅಲುಗಾಡಿಸಿದವು. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯು, ಒಟ್ಟಾರೆಯಾಗಿ ಭಯದ ಸಂದೇಶಗಳು ಪರಿಣಾಮ ಬೀರುತ್ತವೆ ಎಂದೇ ಹೇಳುತ್ತದೆ, ಜೊತೆಗೆ ಪಾರಾಗುವ ದಾರಿಯನ್ನೂ ತೋರಿಸಿದಾಗ ಹೆಚ್ಚು.

ಈ ದಾರಿ ತೋರಿಸುವ ಮಾತು ಎಷ್ಟು ಅಕ್ಷರಶಃ ನಿಜವಾಗಬಲ್ಲದು ಎಂಬುದಕ್ಕೆ ನನಗೆ ಬಹಳ ಮೆಚ್ಚಿಗೆಯಾದ ಪ್ರಯೋಗವೆಂದರೆ 1965ರಲ್ಲಿ ಹೊವರ್ಡ್ ಲೆವೆಂತಾಲ್ ಮತ್ತು ಸಂಗಡಿಗರು ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆಸಿದ್ದು. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕಿರುಹೊತ್ತಗೆಗಳನ್ನು ಕೊಡಲಾಯಿತು. ಕೆಲವು ಭೀಕರ ವಿವರಗಳಿಂದ ಕೂಡಿದ್ದವು, ಕೆಲವು ಸೌಮ್ಯವಾಗಿದ್ದವು. ಭೀಕರ ಹೊತ್ತಗೆ ಓದಿದವರು ಹೆಚ್ಚು ಹೆದರಿದರು, ಚುಚ್ಚುಮದ್ದು ಹಾಕಿಸಿಕೊಳ್ಳಬೇಕೆಂಬ ಇಚ್ಛೆಯನ್ನೂ ಹೆಚ್ಚಾಗಿ ತೋರಿದರು. ಆದರೆ ನಿಜವಾಗಿ ಹೋಗಿ ಹಾಕಿಸಿಕೊಂಡವರನ್ನು ಎಣಿಸಿದಾಗ ಭಯದ ಪ್ರಮಾಣದಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಿರಲಿಲ್ಲ. ವ್ಯತ್ಯಾಸ ತಂದದ್ದು ಇನ್ನೊಂದು ಸಣ್ಣ ಸಂಗತಿ: ಕೆಲವು ಹೊತ್ತಗೆಗಳಲ್ಲಿ ಆರೋಗ್ಯ ಕೇಂದ್ರವನ್ನು ಗುರುತು ಮಾಡಿದ ಕ್ಯಾಂಪಸ್ಸಿನ ನಕ್ಷೆಯಿತ್ತು, ವಾರದ ವೇಳಾಪಟ್ಟಿಯಲ್ಲಿ ಬಿಡುವು ಯಾವಾಗ ಎಂದು ನೋಡಿಕೊಳ್ಳಿರೆಂಬ ಸೂಚನೆಯಿತ್ತು. ಅದಿಲ್ಲದವರಲ್ಲಿ ಸುಮಾರು ಶೇ. 3 ಮಂದಿ ಚುಚ್ಚುಮದ್ದು ಪಡೆದರೆ, ಅದಿದ್ದವರಲ್ಲಿ ಸುಮಾರು ಶೇ. 28 ಮಂದಿ ಪಡೆದರು. ಆ ವಿದ್ಯಾರ್ಥಿಗಳು ವರ್ಷಗಟ್ಟಲೆ ಅದೇ ಆವರಣದಲ್ಲಿ ಓಡಾಡಿದವರು. ಆರೋಗ್ಯ ಕೇಂದ್ರ ಎಲ್ಲಿದೆ ಎಂದು ಅವರಿಗೆ ಗೊತ್ತಿಲ್ಲದಿರುವ ಸಂಭವ ಕಡಿಮೆ. ಹಾಗಿದ್ದೂ ನಕ್ಷೆಯು ಅವರ ಇಚ್ಛೆಯನ್ನು ಒಂದು ಸ್ಥಳಕ್ಕೂ ಒಂದು ಹೊತ್ತಿಗೂ ಕಟ್ಟಿಹಾಕಿತು. ಬರಿಯ ನಕ್ಷೆಯಿಂದಲೂ ಕೆಲಸವಾಗಲಿಲ್ಲ ಎಂಬುದನ್ನು ಸೇರಿಸಬೇಕು. ರೋಗದ ಬಗ್ಗೆ ಸ್ವಲ್ಪವಾದರೂ ಆತಂಕ ಹುಟ್ಟಿಸುವ ಮಾತು ಜೊತೆಗಿರಬೇಕಿತ್ತು.

1992ರಲ್ಲಿ ಕಿಮ್ ವಿಟ್ಟೆ ಇದನ್ನೇ ಒಂದು ಸಿದ್ಧಾಂತದ ಚೌಕಟ್ಟಿಗೆ ತಂದರು. ಬೆದರಿಕೆಯ ಅರಿವಿನ ಜೊತೆಗೆ, ಅದನ್ನು ಎದುರಿಸಲು ಉಪಾಯವಿದೆ ಮತ್ತು ಆ ಉಪಾಯ ನನ್ನಿಂದ ಸಾಧ್ಯ ಎಂಬ ಭರವಸೆಯೂ ಇದ್ದರೆ ಮನುಷ್ಯ ಅಪಾಯವನ್ನು ನಿಭಾಯಿಸಲು ಹೊರಡುತ್ತಾನೆ. ಭರವಸೆಯಿಲ್ಲದಿದ್ದರೆ ಅವನು ನಿಭಾಯಿಸುವುದು ಅಪಾಯವನ್ನಲ್ಲ, ತನ್ನ ಭಯವನ್ನು: ಫಲಕದಿಂದ ಮುಖ ತಿರುಗಿಸುತ್ತಾನೆ, ಹೇಳಿದವರನ್ನು ಲೇವಡಿ ಮಾಡುತ್ತಾನೆ, ತೊಂಬತ್ತು ವರ್ಷ ಬದುಕಿದ ಧೂಮಪಾನಿಯೊಬ್ಬನ ಕಥೆಯನ್ನು ಹುಡುಕಿಕೊಳ್ಳುತ್ತಾನೆ. ಚಟ ಬಿಡಲು ಹತ್ತು ಬಾರಿ ಯತ್ನಿಸಿ ಸೋತವನಿಗೆ ಹನ್ನೊಂದನೆಯ ಭಯಾನಕ ಚಿತ್ರವನ್ನು ತೋರಿಸುವುದು ಗಾಯದ ಮೇಲೆ ಬರೆ ಎಳೆದಂತೆಯೇ ಸರಿ. ಅದೇ ಚಿತ್ರದ ಕೆಳಗೆ ಚಟ ಬಿಡಿಸಲು ನೆರವಾಗುವ ದೂರವಾಣಿ ಸಂಖ್ಯೆಯಿದ್ದು, ಆ ಸಂಖ್ಯೆಗೆ ಕರೆ ಮಾಡಿದಾಗ ನಿಜಕ್ಕೂ ಯಾರಾದರೂ ಉತ್ತರಿಸಿದರೆ ಮಾತು ಬೇರೆ.

ವ್ಯಕ್ತಿಗೆ ಅವನದೇ ಅಪಾಯವನ್ನು ಕರಾರುವಾಕ್ಕಾಗಿ ತಿಳಿಸಿದರೆ ಸಾಕು ಎಂಬ ನಂಬಿಕೆಗೂ ವಂಶವಾಹಿ ಪರೀಕ್ಷೆಗಳ ಕಾಲದಲ್ಲಿ ಪೆಟ್ಟು ಬಿದ್ದಿದೆ. ವಂಶವಾಹಿಯ ಆಧಾರದಲ್ಲಿ ರೋಗದ ಅಪಾಯವನ್ನು ತಿಳಿಸಿದ್ದರಿಂದ ಧೂಮಪಾನ, ಆಹಾರ, ವ್ಯಾಯಾಮಗಳಲ್ಲಿ ಗಮನಾರ್ಹ ಬದಲಾವಣೆಯೇನೂ ಆಗಲಿಲ್ಲವೆಂದು 2016ರಲ್ಲಿ ಪ್ರಕಟವಾದ ಅಧ್ಯಯನಗಳ ಸಮಗ್ರ ಪರಿಶೀಲನೆ ತೋರಿಸಿತು. ತಿಳಿವಳಿಕೆ, ಇಚ್ಛೆ, ಕ್ರಿಯೆ ಈ ಮೂರರ ನಡುವಿನ ಅಂತರವನ್ನು ಇನ್ನಷ್ಟು ತಿಳಿವಳಿಕೆಯಿಂದ ತುಂಬಲಾಗದು.

ಎಚ್ಚರಿಕೆಯೇ ಹಾನಿ ಮಾಡುವ ಸಂದರ್ಭವೂ ಇದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳಿಂದ ಮೈಕೈ ನೋವು ಬರುತ್ತದೆ ಎಂಬ ಸುದ್ದಿ ವ್ಯಾಪಕವಾಗಿದೆ. 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಎಂಬ ಪ್ರಯೋಗದಲ್ಲಿ, ಅಡ್ಡಪರಿಣಾಮದ ಕಾರಣಕ್ಕೆ ಈ ಮಾತ್ರೆಯನ್ನು ಬಿಟ್ಟಿದ್ದ 60 ಮಂದಿಗೆ ಹನ್ನೆರಡು ತಿಂಗಳಿಗೆಂದು ಹನ್ನೆರಡು ಡಬ್ಬಿಗಳನ್ನು ಕೊಡಲಾಯಿತು. ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ಔಷಧವಿಲ್ಲದ ಹುಸಿ ಮಾತ್ರೆ, ಉಳಿದ ನಾಲ್ಕು ಖಾಲಿ. ಪ್ರತಿದಿನದ ತೊಂದರೆಯನ್ನು ಅವರು 100ರವರೆಗಿನ ಅಳತೆಯಲ್ಲಿ ದಾಖಲಿಸಿದರು. ಮಾತ್ರೆಯಿಲ್ಲದ ತಿಂಗಳುಗಳಲ್ಲಿ ಸರಾಸರಿ 8, ನಿಜವಾದ ಮಾತ್ರೆಯ ತಿಂಗಳುಗಳಲ್ಲಿ 16.3, ಹುಸಿ ಮಾತ್ರೆಯ ತಿಂಗಳುಗಳಲ್ಲಿ 15.4. ಅಂದರೆ ತೊಂದರೆಯ ಸುಮಾರು ಶೇ. 90 ಭಾಗವು ಮಾತ್ರೆಯೊಳಗಿನ ಔಷಧದಿಂದಲ್ಲ, ಮಾತ್ರೆ ನುಂಗುತ್ತಿದ್ದೇನೆ ಎಂಬ ನಿರೀಕ್ಷೆಯಿಂದ ಬಂದದ್ದು. ವೈದ್ಯರು ಇದನ್ನು ನೊಸೀಬೊ ಪರಿಣಾಮವೆನ್ನುತ್ತಾರೆ. ನೋವು ಕಾಲ್ಪನಿಕವಾಗಿರಲಿಲ್ಲ, ಅದರ ಮೂಲ ಬೇರೆಯಾಗಿತ್ತು ಅಷ್ಟೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಮುಂದಿನ ಭಾಗ: ಪ್ರತಿಯೊಬ್ಬರಿಗೂ ಅವರವರ ದಾಖಲೆಯನ್ನೇ ತೋರಿಸಿದ ಮೇಲೆ 60 ಮಂದಿಯಲ್ಲಿ 30 ಮಂದಿ ಮತ್ತೆ ಮಾತ್ರೆ ಸೇವಿಸತೊಡಗಿದರು. ನಿಮ್ಮ ನೋವು ಬರಿಯ ಮನಸ್ಸಿನದು ಎಂದು ವೈದ್ಯರು ಹೇಳಿದ್ದರೆ ಅಷ್ಟು ಮಂದಿ ಮರಳುತ್ತಿದ್ದರೆಂದು ನನಗನ್ನಿಸುವುದಿಲ್ಲ. ಇಲ್ಲಿ ಸಂದೇಶವನ್ನು ಬರೆದವರು ಅವರೇ ಆಗಿದ್ದರು.

ಕೊನೆಗೂ ಮಾತು ಹೇಳುವವರ ಮೇಲಿನ ನಂಬಿಕೆಗೇ ಬಂದು ನಿಲ್ಲುತ್ತದೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಹಲೇಖಕರು 12 ಮಕ್ಕಳನ್ನು ಕುರಿತ ಪ್ರಬಂಧವೊಂದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿ, ದಡಾರ, ಮಂಗನಬಾವು, ರುಬೆಲ್ಲಾಗಳ ಸಂಯುಕ್ತ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಗುಮಾನಿಯನ್ನು ಹರಡಿದರು. ಇಂಗ್ಲೆಂಡಿನಲ್ಲಿ ಆ ಲಸಿಕೆಯ ವ್ಯಾಪ್ತಿಯು ಶೇ. 90ಕ್ಕಿಂತ ಮೇಲಿದ್ದದ್ದು 2003–04ರ ಹೊತ್ತಿಗೆ ಶೇ. 80ರ ಆಸುಪಾಸಿಗೆ ಕುಸಿಯಿತು. ಪತ್ರಿಕೆಯು ಪ್ರಬಂಧವನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಆ ನಡುವೆಯೂ ಅನಂತರವೂ ಹಲವು ದೇಶಗಳಲ್ಲಿ ದೊಡ್ಡ ಅಧ್ಯಯನಗಳು ನಡೆದವು; ಡೆನ್ಮಾರ್ಕ್‌ನ ಆರೂವರೆ ಲಕ್ಷ ಮಕ್ಕಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೂ ಸೇರಿದಂತೆ ಯಾವುದರಲ್ಲಿಯೂ ಅಂಥ ನಂಟು ಕಾಣಲಿಲ್ಲ. 2014ರಲ್ಲಿ ಬ್ರೆಂಡನ್ ನೈಹನ್ ಮತ್ತು ಸಂಗಡಿಗರು ಅಮೆರಿಕದ ಪೋಷಕರಿಗೆ ಈ ಸಂಗತಿಗಳನ್ನು ತಿಳಿಸಿ ನೋಡಿದರು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ತಪ್ಪು ನಂಬಿಕೆ ತಗ್ಗಿತು. ಆದರೆ ಮೊದಲೇ ಅತಿಯಾಗಿ ಅನುಮಾನವಿದ್ದ ಪೋಷಕರಲ್ಲಿ ಲಸಿಕೆ ಹಾಕಿಸುವ ಇಚ್ಛೆಯೂ ತಗ್ಗಿತು. ಇಂಥ ತಿರುಗುಬಾಣವು ಅಪರೂಪವೆಂದು ಮುಂದಿನ ಅಧ್ಯಯನಗಳು ತೋರಿಸಿವೆ. ಆದರೂ ಇದರಿಂದ ಹೊಳೆಯುವುದಿಷ್ಟು: ಆ ಪೋಷಕರ ಅನುಮಾನ ಒಂದು ನಿರ್ದಿಷ್ಟ ಸುಳ್ಳಿನ ಮೇಲೆ ನಿಂತಿರಲಿಲ್ಲ, ಹೇಳುವವರ ಮೇಲಿನ ಅಪನಂಬಿಕೆಯ ಮೇಲೆ ನಿಂತಿತ್ತು. ಒಂದು ಊರುಗೋಲನ್ನು ಕಿತ್ತುಕೊಂಡರೆ ಅದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ.

ಅಪನಂಬಿಕೆಗೆ ಹೇಳುವವರೇ ಕಾರಣ ಒದಗಿಸುವುದೂ ಉಂಟು. ಕೋವಿಡ್‌ನ ಆರಂಭದ ತಿಂಗಳುಗಳಲ್ಲಿ ಆರೋಗ್ಯವಂತರಿಗೆ ಮಾಸ್ಕ್ ಬೇಕಿಲ್ಲವೆಂದು ಅಧಿಕಾರಯುತವಾಗಿ ಸಾರಿದ ಸಂಸ್ಥೆಗಳು, ಕೆಲವೇ ವಾರಗಳ ಅಥವಾ ತಿಂಗಳುಗಳ ನಂತರ ಅಷ್ಟೇ ಅಧಿಕಾರಯುತವಾಗಿ ಮಾಸ್ಕ್ ಧರಿಸಿರಿ ಎಂದವು. ಪುರಾವೆ ಬದಲಾದಂತೆ ಸಲಹೆ ಬದಲಾಗುವುದು ವಿಜ್ಞಾನದ ಗುಣವೇ ಹೊರತು ದೋಷವಲ್ಲ. ದೋಷವಿದ್ದದ್ದು ಮೊದಲ ಸಲಹೆಯಲ್ಲಿದ್ದ ಧ್ವನಿಯ ಖಚಿತತೆಯಲ್ಲಿ. 'ಸದ್ಯಕ್ಕೆ ನಮಗೆ ತಿಳಿದಿರುವುದು ಇಷ್ಟು' ಎಂದು ಒಪ್ಪಿಕೊಂಡರೆ ಜನ ನಂಬಿಕೆ ಕಳೆದುಕೊಳ್ಳುತ್ತಾರೆಂಬ ಭಯ ಅಧಿಕಾರಿಗಳಲ್ಲಿ ಆಳವಾಗಿದೆ. ಆದರೆ 2020ರಲ್ಲಿ ಪ್ರಕಟವಾದ ಪ್ರಯೋಗಗಳ ಸರಣಿಯೊಂದರಲ್ಲಿ, ಅಂಕಿಯ ಜೊತೆಗೆ ಅದರ ಅನಿಶ್ಚಿತತೆಯ ವ್ಯಾಪ್ತಿಯನ್ನೂ ಸಂಖ್ಯೆಗಳಲ್ಲಿಯೇ ಕೊಟ್ಟಾಗ ನಂಬಿಕೆಯಲ್ಲಿ ಆದ ಇಳಿಕೆ ತೀರ ಅಲ್ಪವಾಗಿತ್ತು.

ಪ್ರಾಮಾಣಿಕತೆಗೆ ಸಂಬಂಧಿಸಿದ ಇನ್ನೊಂದು ಕಠಿಣ ಪ್ರಶ್ನೆಯಿದೆ, ಅದನ್ನು ಆರೋಗ್ಯ ಪ್ರಚಾರಕರು ಸಾಮಾನ್ಯವಾಗಿ ಎತ್ತುವುದೇ ಇಲ್ಲ. ಜನಸಮುದಾಯದಲ್ಲಿ ರೋಗಗಳು ಕಾಣಿಸಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದ ಬ್ರಿಟಿಷ್ ತಜ್ಞ ಜೆಫ್ರಿ ರೋಸ್ 1980ರ ದಶಕದ ಆರಂಭದಲ್ಲಿ ಇದನ್ನು ರೋಗತಡೆಯ ವಿರೋಧಾಭಾಸವೆಂದು ಕರೆದರು: ಇಡೀ ಸಮುದಾಯಕ್ಕೆ ಬಹಳ ಲಾಭ ತರುವ ಕ್ರಮವು ಅದನ್ನು ಪಾಲಿಸುವ ಒಬ್ಬೊಬ್ಬರಿಗೂ ಕೊಡುವ ಲಾಭ ತೀರ ಕಡಿಮೆ. ಉಪ್ಪನ್ನು ತಗ್ಗಿಸಿದ ಸಾವಿರ ಮಂದಿಯಲ್ಲಿ ಬಹುತೇಕರಿಗೆ ಪಾರ್ಶ್ವವಾಯು ಹೇಗೂ ಬರುತ್ತಿರಲಿಲ್ಲ. ಸೀಟ್ ಬೆಲ್ಟ್ ಬಿಗಿದವರಲ್ಲಿ ಬಹುತೇಕರ ವಾಹನ ಜೀವಕ್ಕೆ ಕುತ್ತು ತರುವಂತೆ ಎಂದಿಗೂ ಡಿಕ್ಕಿ ಹೊಡೆಯುವುದಿಲ್ಲ. 'ಇದು ನಿಮ್ಮ ಒಳ್ಳೆಯದಕ್ಕೆ' ಎಂಬ ಫಲಕದ ಮಾತಿನಲ್ಲಿ ಅರೆಸತ್ಯವಿದೆಯೆಂದು ಜನರಿಗೆ ಒಳಗೊಳಗೇ ಗೊತ್ತು. ಫಲಕವನ್ನು ದಿಟ್ಟಿಸಿ ಮುಂದೆ ನಡೆಯುವವರಲ್ಲಿ ಕೆಲವರದ್ದು ಅಜ್ಞಾನವಲ್ಲ, ಈ ಲೆಕ್ಕಾಚಾರ.

ಹಾಗಾದರೆ ಇತರರ ಒಳಿತನ್ನೇ ಕಾರಣವಾಗಿ ಹೇಳಿದರೆ ಜನ ಕಿವಿಗೊಡುತ್ತಾರೆಯೇ? ಏಷ್ಯಾ, ಯುರೋಪ್ ಮತ್ತು ಅಮೆರಿಕದ ಹಲವು ದೇಶಗಳವರನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಮೂಹಿಕ ರೋಗನಿರೋಧಕತೆ ಎಂದರೇನು, ಒಬ್ಬರ ಲಸಿಕೆ ಇನ್ನೊಬ್ಬರನ್ನು ಹೇಗೆ ಕಾಯುತ್ತದೆ ಎಂದು ವಿವರಿಸಿದಾಗ ಲಸಿಕೆ ಪಡೆಯುವ ಇಚ್ಛೆ ಹೆಚ್ಚಿತು. ದಡಾರದ ಹರಡುವಿಕೆಯನ್ನು ತಡೆಯಲು ಸುಮಾರು ಶೇ. 95 ಮಂದಿ ಲಸಿಕೆ ಪಡೆದಿರಬೇಕು. ಉಳಿದ ಶೇ. 5ರೊಳಗೆ ಲಸಿಕೆಯ ವಯಸ್ಸನ್ನು ಇನ್ನೂ ಮುಟ್ಟದ ಎಳೆಗೂಸು ಇರುತ್ತದೆ, ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವುದರಿಂದ ಲಸಿಕೆ ಕೊಡಲಾಗದ ಮಗು ಇರುತ್ತದೆ. 'ನಿಮ್ಮ ಮಗುವಿಗೆ ಅಪಾಯ' ಎಂದಷ್ಟೇ ಹೇಳಿ ಮುಗಿಸುವ ಫಲಕದಲ್ಲಿ ಆ ಇಬ್ಬರಿಗೂ ಜಾಗವಿಲ್ಲ.